ಸೋಮವಾರ ಹೂಡದ ಇಂಜಿನ್

ಹಿರಿಯರೇ, ತಾಯಂದಿರೇ, ನಮ್ಮ ಗಿರಣಿಯ ಧಣಿಗಳಾದ ಲಕ್ಷ್ಮಣಪ್ಪನವರೇ, ಹಮಾಲ ಬಂಧುಗಳೇ — ಮತ್ತು ಇಲ್ಲಿ ಮುಂದೆಯೇ ಕುಳಿತಿರುವ ತಾಯಿ ದುರಗಮ್ಮನವರೇ, ನಿಮ್ಮೆಲ್ಲರಿಗೂ ಈ ಶಫೀಸಾಬನ ನಮಸ್ಕಾರ. ನಾನು ಈ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಇಂಜಿನ್ ಮಿಸ್ತ್ರಿ. ಇಂಜಿನ್ ಸದ್ದಿನ ನಡುವೆ ಕೂಗಿ ಕೂಗಿ ಅಭ್ಯಾಸವಾದವನು. ದನಿ ಜೋರಾದರೆ ಮನ್ನಿಸಬೇಕು.

ನಮ್ಮ ಹಮಾಲರ ಮುಕಾದಮರಾದ ಮುದಿಯಪ್ಪನವರು ಹೋದ ವಾರ ನಮ್ಮನ್ನು ಬಿಟ್ಟು ಹೋದರು. ನಿಮಗೆ ಮುಕಾದಮರು. ನನಗೆ — ಮುದಿಯಪ್ಪ ಕಾಕಾ. ದುರಗಮ್ಮನವರೇ, ಗಂಡನನ್ನು ಕಳೆದುಕೊಂಡ ನಿಮ್ಮ ದುಃಖಕ್ಕೆ ನಮ್ಮ ಮಾತು ಸಾಲದು. ಆದರೂ ಅವರು ಎಂಥವರಾಗಿದ್ದರು ಎಂಬುದನ್ನು ನಾಲ್ಕು ಜನರ ಎದುರು ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

ಎರಡನೆಯ ದೊಡ್ಡ ಲಡಾಯಿ ಶುರುವಾಗುವುದಕ್ಕೆ ಹಿಂದಿನ ವರ್ಷ ನಮ್ಮ ಇಂಜಿನ್ ಬಂತು. ಆಗ ಕಾಕಾ ಬಂಡಿ ಹೊಡೆಯುತ್ತಿದ್ದರು. ಕೊಪ್ಪಳದ ಸ್ಟೇಶನ್ನಿನಿಂದ ಅದನ್ನು ಇಲ್ಲಿಯವರೆಗೆ ಎಳೆದು ತಂದದ್ದು ಅವರ ಎತ್ತುಗಳೇ. ದಾರಿಯಲ್ಲಿ ಜನ ಹಂಗಿಸಿದರು, "ಮುದಿಯಪ್ಪಾ, ನಮ್ಮ ಮಂದಿ ಅನ್ನಕ್ಕ ಮಣ್ಣು ಹಾಕೋದನ್ನ ನೀನs ಹೊತ್ಕೊಂಡು ಬಂದ್ಯಲ್ಲೋ!" ಕಾಕಾ ಬಾರುಕೋಲು ಹೀಗೆ ಹೆಗಲಿಗೆ ಹಾಕಿಕೊಂಡು ಹೇಳಿದರು, "ಹೊಸಾ ಹೋರಿ ಒದೀತೈತಿ ಅಂತ ಹೊಲಾ ಬೀಳು ಬಿಡ್ತೀರೇನು? ಅದನ್ನ ಪಳಗಿಸಬೇಕ್ರಪಾ. ನಾವೂ ಪಳಗಬೇಕು."

ಮೊದಲ ಸೋಮವಾರ ಬಂತು. ನಾನು ಹ್ಯಾಂಡಲ್ ಹಿಡಿದು ನಿಂತಿದ್ದೇನೆ. ಅಷ್ಟರಲ್ಲಿ ಗಿರಣಿಯ ಮುಕಾದಮರಾಗಿದ್ದ ಕಾಕಾ ಅಡ್ಡ ಬಂದರು. "ಇವತ್ತ ಬಸವಣ್ಣನ ದಿನ. ಹೂಡಂಗಿಲ್ಲ."

ನಾನು ನಕ್ಕೆ. "ಕಾಕಾ, ಇದು ಕಬ್ಬಿಣ ಐತಿ. ಇದಕ್ಕೆಲ್ಲಿ ಬಸವಣ್ಣ?"

"ಎಳಿಯೋದು ಯಾವದಿದ್ರೂ ಎತ್ತs. ನೋಡಿಲ್ಲಿ, ಹೆಂಗ ಬೆವತೈತಿ!" ಎಂದು ಇಂಜಿನ್ನಿನ ಹೊಟ್ಟೆಯ ಕೆಳಗೆ ಸೋರುತ್ತಿದ್ದ ಎಣ್ಣೆ ತೋರಿಸಿದರು. ಹಮಾಲರೆಲ್ಲ ಬಂಡಿ ಹೊಡೆದವರೇ, ಎತ್ತು ಕಟ್ಟಿದವರೇ, ಸೋಮವಾರ ಎತ್ತಿಗೆ ನೊಗ ಹೂಡದವರೇ. ಯಾರೂ ಚೀಲಕ್ಕೆ ಕೈ ಹಚ್ಚಲಿಲ್ಲ. ಧಣಿಗಳು ಗೊಣಗಿದರು — ಗೊಣಗಿದಿರಿ ಧಣ್ಯಾರ, ಸುಳ್ಳು ಹೇಳಲಾರೆ — ಆದರೂ ಸೋಮವಾರ ಇಂಜಿನ್ ನಿಂತಿತು.

ಇನ್ನು ಭತ್ತ ಕುಟ್ಟುತ್ತಿದ್ದ ತಾಯಂದಿರ ಮಾತು. ಕುಟ್ಟಿದರೆ ಕೂಲಿ, ಕೂಲಿಯ ಜೊತೆಗೆ ನುಚ್ಚು, ತೌಡು. ಗಿರಣಿ ಬಂತು, ಒನಕೆ ಮೂಲೆ ಸೇರಿತು, ಮನೆಗೆ ಬರುತ್ತಿದ್ದ ನುಚ್ಚು ನಿಂತಿತು. ಅವರಲ್ಲೊಬ್ಬಳು ಹುಲಗೆಮ್ಮ ಬಾಗಿಲಿಗೆ ಬಂದು ಬಾಯಿಗೆ ಬಂದಂತೆ ಬೈಯುತ್ತ ಇಂಜಿನ್ನಿಗೆ ಹಿಡಿ ಹಿಡಿ ಮಣ್ಣು ತೂರಿದಳು. ಅರ್ಧ ಮಣ್ಣು ನನ್ನ ಮೇಲೇ ಬಿತ್ತು! ಕಾಕಾ ಪೂರಾ ಕೇಳಿಸಿಕೊಂಡರು. ಆಮೇಲೆ, "ಬೈಯೋದು ಮುಗೀತೇನವಾ? ಇನ್ನ ಒಳಗ ಬಾ, ಯಂತ್ರಕ್ಕ ಭತ್ತ ಸುರುವೋ ಕೂಲಿ ನಿಂದs," ಎಂದರು.

ಬಂದಳು. ಬಂದು ಏನು ಮಾಡಿದಳು? ಒರಳಿನಲ್ಲಿ ಕುಟ್ಟುವಾಗ ಎರಡನೆಯ ಸಲಕ್ಕೆ ಒಂದಿಷ್ಟು ನೀರು ಚಿಮುಕಿಸುವುದು ಅವಳ ರೂಢಿ. ಇಲ್ಲಿಯೂ ಚಿಮುಕಿಸಿದಳು! ಯಂತ್ರದ ಒಳಗೆ ತೌಡು ನಾದಿದ ಹಿಟ್ಟಾಯಿತು, ಇಂಜಿನ್ನಿನಿಂದ ಯಂತ್ರಕ್ಕೆ ಹಾಕಿದ ಪಟ್ಟಾ ಕಳಚಿ ಹಾರಿತು, ಗಿರಣಿ ಗಪ್ಪನೆ ನಿಂತಿತು. ಧಣಿಗಳಿಗೆ ಸಿಟ್ಟು ನೆತ್ತಿಗೇರಿತು. "ಹೆಂಗಸರು ಬ್ಯಾಡs ಬ್ಯಾಡ. ಬೆಜವಾಡದಿಂದ ಕಲಿತ ಮಂದೀನ ಕರಸ್ತೀನಿ."

ಹುಲಗೆಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. ಆಗ ಕಾಕಾ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ಧಣ್ಯಾರ, ಒರಳಿಗೆ ಮಾಡೋದನ್ನ ಆಕಿ ಇದಕ್ಕ ಮಾಡ್ಯಾಳ. ಬ್ಯಾರೆ ಅಂತ ಆಕಿಗೆ ಯಾರು ಹೇಳಿಕೊಟ್ಟಾರ? ಕಲಿತವರು ತಾಯಿ ಹೊಟ್ಯಾಗ ಕಲಿತು ಬರ್ತಾರೇನ್ರಿ? ನಾಳೆ ಸೋಮವಾರ, ಹೆಂಗೂ ಹೂಡಂಗಿಲ್ಲ. ಅದೊಂದು ದಿನ ಇದನ್ನ ನಮ್ಮ ಕೈಗೆ ಕೊಡ್ರಿ."

ಕೊಟ್ಟರು. ಮರುದಿನ ಯಂತ್ರ ಬಿಚ್ಚಿದೆವು. ಕೆರೆದು ತೆಗೆದವಳು ಹುಲಗೆಮ್ಮ. ಇದು ಯಾಕೆ, ಅದು ಯಾಕೆ ಎಂದು ಕೇಳಿ ಕೇಳಿ ನನ್ನ ತಲೆ ತಿಂದವಳೂ ಅವಳೇ. ಆಮೇಲೆ ಪ್ರತಿ ಸೋಮವಾರ ಅಲ್ಲೇ ಯಂತ್ರ ಕಲಿಯುವ ಸಾಲೆ. ಹಮಾಲರು ಬಂದರು, ಒನಕೆ ಹಿಡಿದ ತಾಯಂದಿರು ಬಂದರು. ಎಲ್ಲರಿಗಿಂತ ಮುಂದೆ ಕುಳಿತವರು ಮುದಿಯಪ್ಪ ಕಾಕಾ. ಆದರೆ ಒಂದು ಮಾತು — ನಗಬೇಡಿ — ಕಾಕಾಗೆ ಕೊನೆಯವರೆಗೂ ಹ್ಯಾಂಡಲ್ ತಿರುಗಿಸಲು ಬರಲೇ ಇಲ್ಲ. ಅದು ಫಟ್ ಎಂದರೆ ಸಾಕು, "ಹೋ ಹೋ, ನನ್ನಪ್ಪಾ!" ಎಂದು ಹಿಂದೆ ಸರಿಯುತ್ತಿದ್ದರು. ದುರಗಮ್ಮನವರೂ ನಗುತ್ತಿದ್ದಾರೆ. ನಗಲಿ, ಆ ನಗು ನೋಡಿದರೆ ಕಾಕಾಗೂ ಸಂತೋಷವೇ.

ಈಗ ಒಂದು ಕಷ್ಟದ ಮಾತು. ಮಲ್ಲಾಪುರದ ಹತ್ತಿರ ಹೊಳೆಗೆ ಕಟ್ಟೆ ಹಾಕುವ ಕೆಲಸ ನಡೆದಿದೆ. ನೀರು ಬಂದರೆ ಎಲ್ಲೆಲ್ಲೂ ಭತ್ತ. ಭತ್ತ ಬಂದರೆ ಇದರ ಅಪ್ಪನಂಥ ಯಂತ್ರ ಬರುತ್ತದೆ. ಬರಲಿ! ಆದರೆ ಹಂಗಾಮು ಜೋರಾದರೆ ಸೋಮವಾರವೂ ಹೂಡಬೇಕು, ಹೊಸ ಯಂತ್ರಕ್ಕೆ ಹೊರಗಿನ ಮಂದಿ ಬರಬೇಕು ಎಂಬ ಮಾತು ನಡೆದಿದೆ. ಕಾಕಾ ಹಾಸಿಗೆ ಹಿಡಿದಾಗ ನನ್ನ ಕೈ ಹಿಡಿದು ಹೇಳಿದರು, "ಶಫೀ, ಸೋಮವಾರ ಬಿಡಬ್ಯಾಡ್ರೋ. ಯಂತ್ರ ಬದಲಾದಂಗೆಲ್ಲ ಮಂದೀನs ಬದಲಿ ಮಾಡ್ತಾ ಹೋದ್ರ, ನಮ್ಮ ಮಂದಿ ಎಲ್ಲಿಗೆ ಹೋಗ್ಬೇಕು?"

ಧಣ್ಯಾರ — ಸಾವಿನ ಸಭೆಯಲ್ಲಿ ಇದನ್ನು ಕೇಳಬಾರದು ಎನ್ನಬಹುದು. ಕಚೇರಿಯಲ್ಲಿ ಕೇಳಿದರೆ 'ನೋಡೋಣು' ಎನ್ನುತ್ತೀರಿ. ಅದಕ್ಕೇ ಇಲ್ಲಿ, ದುರಗಮ್ಮನವರ ಎದುರಿಗೆ ಕೇಳುತ್ತಿದ್ದೇನೆ. ಸೋಮವಾರ ನಮಗೆ ಇರುತ್ತದೆಯೋ ಇಲ್ಲವೋ?

— ಧಣಿಗಳು ಹೂಂ ಎಂದು ತಲೆಯಾಡಿಸಿದ್ದನ್ನು ನೋಡಿದಿರಲ್ಲ? ಎಲ್ಲರೂ ನೋಡಿದಿರಿ. ಸಾಕು. ದೇವರು ಅವರನ್ನು ಚೆನ್ನಾಗಿಟ್ಟಿರಲಿ.

ಇವತ್ತು ಗುರುವಾರ. ಆದರೂ ನಮ್ಮ ಇಂಜಿನ್ ನಿಂತಿದೆ, ಕಾಕಾಗೋಸ್ಕರ. ದಯಮಾಡಿ ಎಲ್ಲರೂ ಎದ್ದು ನಿಲ್ಲಿ, ತಲೆ ಬಾಗಿಸಿ. ಎಷ್ಟು ಹೊತ್ತು ಎಂದು ಕೇಳಬೇಡಿ. ಹುಲಗೆಮ್ಮ ಒಳಗೆ ಹೋಗಿದ್ದಾಳೆ. ಅವಳು ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡುವವರೆಗೆ ಮೌನವಾಗಿ ನಿಲ್ಲೋಣ.