ಎರಡು ಸುತ್ತು ಸಡಿಲ

ವಾಡಿ ಸ್ಟೇಷನ್ನಿನಲ್ಲಿ ಹೈದರಾಬಾದಿನಿಂದ ಬರುವ ರೈಲಿಗೆ ಕಾದಿದ್ದ ಭೀಮಬಾಯಿಗೆ, ಅದೇ ಬೆಂಚಿನಲ್ಲಿ ಕೂತ ಇಬ್ಬರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ ಮಷೀನು ರಿಪೇರಿಯ ಮುದುಕ ಮಿಸ್ತ್ರಿ. ಇನ್ನೊಬ್ಬ ಶಹಾಬಾದಿನಲ್ಲಿ ಎತ್ತಿನ ಕೊರಳಪಟ್ಟಿ ಹೊಲಿಯುವ ಅಂಬರಾಯ.

"ತೊಗಲಿನ ಮಷೀನ್ ಹೊಲಿಗಿ ತಪ್ಪಿಸ್ಲಿಕತ್ತದ್ರಿ, ಮಿಸ್ತ್ರಿ. ಸೂಜಿ, ದಾರ ಎರಡೂ ಬದಲ್ ಮಾಡೀನಿ."

"ಸೂಜಿ ಮ್ಯಾಲೇಳುವಾಗ ತೊಗಲೂ ಏಳ್ತದೇನು?"

"ಹೌದ್ರಿ."

"ಯಾರ ಮಷೀನದು?"

"ಖಾದರ್ ಉಸ್ತಾದರದು."

ಮಿಸ್ತ್ರಿ ತನ್ನ ಎಡಗೈ ಹೆಬ್ಬೆರಳನ್ನು ಬೆಂಚಿಗೆ ಒತ್ತಿ ತೋರಿಸಿದ.

"ಅವರು ಎಡಗೈ ಹೆಬ್ಬೆರಳಿಂದ ತೊಗಲ ಒತ್ತಿ ಹಿಡೀತಿದ್ರು. ಅದಕ್ಕೇ ತೊಗಲ ಒತ್ತೋ ಕಬ್ಬಿಣದ ಕಾಲು ನಾನೇ ಸಡಿಲ ಮಾಡಿ ಕೊಟ್ಟಿದ್ದೆ. ತಿರುಪು ಎರಡು ಸುತ್ತು ಬಿಗಿ ಮಾಡು, ಸರಿ ಹೋಗ್ತದ."

"ಅದು ನನಗೂ ಗೊತ್ತದರಿ."

"ಮತ್ಯಾಕ ಮಾಡಿಲ್ಲ?"

"ಹಿಂದೂ-ಮುಸ್ಲಿಂ ಗಲಾಟಿ ಆದ ವರ್ಷ ಇಲ್ಲೇ ಹೈದರಾಬಾದ್ ರೈಲ್ ಹತ್ತುವಾಗ, 'ಎಂಟು ದಿನದಾಗ ಬರ್ತೀನಿ, ಮಷೀನ್ ನೋಡ್ಕೋ ಬೇಟಾ' ಅಂದ್ರು. ಮೂರು ವರ್ಷ ಆತು. ದಿನಾ ತಿರುಪು ತಿರುವೋ ಪೇಚಕಸ್ ಹಿಡೀತೀನ್ರಿ, ಕೈ ತಿರಗವಲ್ದು."

"ಎರಡೇ ಸುತ್ತೋ, ಹುಚ್ಚ!"

"ಬಿಗಿ ಮಾಡಿದ್ರ, ಅವರಿನ್ನ ಬರಂಗಿಲ್ಲ ಅಂತ ನಾನೇ ಹೇಳಿದಂಗ ಆಗ್ತದ್ರಿ."

ರೈಲು ಬಂತು. ಅಂಬರಾಯ ಎದ್ದ, ಆದರೆ ಹತ್ತಲಿಲ್ಲ. ಒಂದೊಂದೇ ಡಬ್ಬಿಯ ಕಿಟಕಿಯಲ್ಲಿ ಇಣುಕುತ್ತ ಹೋದ. ಭೀಮಬಾಯಿ ನೋಡುತ್ತಿದ್ದಂತೆ ಮಿಸ್ತ್ರಿಯೂ ಎದ್ದು, ಇನ್ನೊಂದು ತುದಿಯಿಂದ ಇಣುಕತೊಡಗಿದ.