ಬೆಲ್ಲ ತಿಂದು ನೀರು ಬಿಟ್ಟವರು

ಗುರುವಾಯನಕೆರೆಯ ಬಸ್ ನಿಲ್ದಾಣದಲ್ಲಿ ಹಿಂದಿನ ಬೆಂಚಿನವರು ಜಗಳವಾಡುತ್ತಿದ್ದಾರೆಂದೇ ದೀಕ್ಷಾ ಮೊದಲು ಅಂದುಕೊಂಡಳು. ಕಿವಿಗೊಟ್ಟರೆ, ವಯಸ್ಸಾದ ಹೆಂಗಸೊಬ್ಬರು ಖಾಕಿ ಅಂಗಿಯವರೊಬ್ಬರ ಉಪಕಾರ ನೆನೆಯುತ್ತಿದ್ದರು.

“ಆ ದಿನ ನಿಮ್ಮನ್ನು ಎಷ್ಟು ಬೈದಿದ್ದೇನೆ ಗೊತ್ತುಂಟಾ ಭೋಜಣ್ಣ? ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟರೆ, ಬೆಲ್ಲ ಮಾತ್ರ ತಿಂದು ಎದ್ದು ಹೋದದ್ದಲ್ವಾ!”

“ಮತ್ತೆಂತ ಮಾಡುವುದು ಶಂಕರಿಯಮ್ಮ? ನಮ್ಮ ಲ್ಯಾಬಿನ ಕೆಮಿಕಲ್ ಗುಂಡಿ ಸೋರುವುದು ನಿಮ್ಮ ಬಾವಿಯ ಕಡೆಗೇ. ಬಾಯಿಬಿಟ್ಟರೆ ಸರಕಾರಿ ಕೆಲಸ ಹೋಗ್ತದೆ.”

“ಮೊದಲು ಸಿಟ್ಟೇ ಬಂದದ್ದು. ಆಮೇಲೆ ಸಂಶಯ ಹತ್ತಿತು. ನಮ್ಮ ಬೆಲ್ಲ ಆಗ್ತದೆ, ನೀರು ಆಗುವುದಿಲ್ಲ ಅಂದ್ರೆ ಇದೆಂತ ಕಥೆ? ಮರುದಿನವೇ ನೀರು ಪರೀಕ್ಷೆಗೆ ಕಳಿಸಿದೆ.”

“ರಿಪೋರ್ಟ್ ಬಂತಾ?”

ಅಜ್ಜಿಯ ಕಥೆಗೆ ಕೂತಂತೆ ದೀಕ್ಷಾ ಇನ್ನಷ್ಟು ಹಿಂದಕ್ಕೆ ಸರಿದಳು.

“ನಿನ್ನೆ ಬಂತು. ಬಾಯಿಗೆ ಹಾಕಲೇಬಾರದಂತೆ. ನಾಡಿದ್ದು ಮಗಳು ಚೈತನ್ಯಾ ಹೆರಿಗೆಗೆ ಬರ್ತಾಳೆ. ಹೊಟ್ಟೆಯಲ್ಲಿ ಮಗು ಇಟ್ಟುಕೊಂಡವಳಿಗೆ ಅದನ್ನೇ ಕುಡಿಸ್ತಿದ್ದೆನಲ್ಲ ಮಾರಾಯ್ರೇ!”

“ಈಗ ಕುಡಿಯಲಿಕ್ಕೆ?”

“ಪಂಚಾಯತಿನ ಟ್ಯಾಂಕರ್ ಬರ್ತದೆ. ನಿಮ್ಮ ಉಪಕಾರ ನಾನು ಸಾಯುವವರೆಗೆ ಮರೆಯಲಿಕ್ಕಿಲ್ಲ.”

“ಮರೆಯದಿದ್ದರೂ ಆಯ್ತು, ನನ್ನ ಹೆಸರು ಮಾತ್ರ ಎಲ್ಲಿಯೂ ಎತ್ತಬೇಡಿ.”

“ಎತ್ತಲಿಕ್ಕೆ ನೀವು ಎಂತ ಹೇಳಿದ್ದೀರಿ? ತುಟಿಪಿಟಕ್ಕೆನ್ನಲಿಲ್ಲವಲ್ಲ!”

ಇಬ್ಬರೂ ನಕ್ಕರು. ಅಷ್ಟರಲ್ಲಿ ಮೂಡುಬಿದಿರೆಯ ಬಸ್ಸು ಬಂತು. ಅದೇ ಲ್ಯಾಬಿನ ಖಾಕಿ ತೊಟ್ಟ ಇನ್ನೊಬ್ಬರು ಕಿಟಕಿಯಲ್ಲಿ ಕಂಡದ್ದೇ ತಡ, ಶಂಕರಿಯಮ್ಮ ಮುಖ ಗಂಟುಹಾಕಿ, “ಸ್ವಲ್ಪ ದಾರಿ ಬಿಡಿ, ಯಾರಪ್ಪ ನೀವು?” ಎಂದು ಭೋಜಣ್ಣನನ್ನು ಗದರಿ ಮುಂದಿನ ಬಾಗಿಲಿನಿಂದ ಹತ್ತಿದರು. ಭೋಜಣ್ಣ ತಲೆ ತಗ್ಗಿಸಿ ಹಿಂದಿನ ಬಾಗಿಲಿಗೆ ನಡೆದರು.