ಪೊಟರೆ ಇದ್ದ ಮರ

ಚಾಮರಾಜಪೇಟೆಯ ಬಸ್ ಸ್ಟಾಪಿನಲ್ಲಿ ಕೂತಿದ್ದ ತುಳಸಮ್ಮನವರ ಪಕ್ಕದಲ್ಲೇ ಪಾಲಿಕೆಯ ಮಾಲಿಯೂ ವಿಶ್ವವಿದ್ಯಾಲಯದ ಹುಡುಗಿಯೂ ನಿಂತು ಮಾತಾಡುತ್ತಿದ್ದರು.

“ಮರಿಯಣ್ಣ, ನಾಲ್ಕನೇ ಕ್ರಾಸಿನ ಆ ದೊಡ್ಡ ಮರ ಕಾಣ್ತಾನೇ ಇಲ್ಲ.”

“ನಿನ್ನೆ ಕಡಿದ್ಬಿಟ್ರು ಮೇಡಂ.”

“ನಾವೂ ನೀವೂ ಸೇರಿ ಮರ ಎಣಿಸಿದ್ದು ಉಳಿಸೋಕಲ್ವಾ?”

“ನಿಮ್ಮ ಪಟ್ಟೀಲಿ ಪೊಟರೆ ಇದೆ ಅಂತಿತ್ತಂತೆ. ಟೊಳ್ಳು ಮರ, ಯಾರ ಮೇಲಾದ್ರೂ ಬೀಳತ್ತೆ ಅಂದ್ರು ಸಾಹೇಬ್ರು.”

“ಪೊಟರೆ ಅಂದ್ರೆ ಗಿಳಿ ಗೂಡಿರತ್ತೆ, ಯಾರೂ ಮುಟ್ಟಲ್ಲ ಅಂದ್ಕೊಂಡು ಬರೆದೆ.”

“ಗಿಳಿಗಳು ಕತ್ತಲಾಗೋ ತನಕ ಅಲ್ಲೇ ಸುತ್ತುತಿದ್ವು.”

ಹುಡುಗಿ ಚೀಲದಿಂದ ಪಟ್ಟಿ ತೆಗೆದು ಬೆರಳಿಟ್ಟು ಎಣಿಸಿದಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದ ತುಳಸಮ್ಮನವರು ತಲೆ ತಗ್ಗಿಸಿದರು.

“ಮರಿಯಣ್ಣ, ಅದೇ ಪಟ್ಟೀಲಿ ಇನ್ನೂ ಹನ್ನೊಂದು ಮರಕ್ಕೆ ಪೊಟರೆ ಇದೆ ಅಂತ ಬರೆದಿದೀನಿ.”

ಬಸ್ಸು ಬಂತು. ಇಬ್ಬರೂ ಅದನ್ನು ಹತ್ತದೆ ಪಾಲಿಕೆ ಕಚೇರಿಯ ಕಡೆಗೆ ಬಿರಬಿರನೆ ನಡೆದರು.